ತಪ್ಪು ಬಾಗಿಲಿಗೆ ಇಟ್ಟ ಬಾಂಬು

2006ರ ಜೂನ್ ತಿಂಗಳ ಕೊನೆ. ಲಾಸ್ ಏಂಜಲೀಸ್‌ನ ಸಿರಿವಂತರ ಬಡಾವಣೆ ಬೆಲ್ ಏರ್‌ನಲ್ಲಿ ಒಂದು ಮನೆಯ ಮುಂದೆ ಯಾರೋ ರಾತ್ರೋರಾತ್ರಿ ಪೆಟ್ರೋಲ್ ಬಾಂಬ್ ಇಟ್ಟು ಹೋದರು. ಅದು ಹೊತ್ತಿಕೊಳ್ಳಲಿಲ್ಲ. ಹೊತ್ತಿಕೊಂಡಿದ್ದರೆ ಒಳಗಿದ್ದವರ ಜೀವಕ್ಕೇ ಅಪಾಯವಿತ್ತು ಎಂದು ತನಿಖಾಧಿಕಾರಿಗಳು ಹೇಳಿದರು. ‘ಅನಿಮಲ್ ಲಿಬರೇಷನ್ ಫ್ರಂಟ್’ ಹೆಸರಿನಲ್ಲಿ ಕೆಲವರು ಹೊಣೆ ಹೊತ್ತುಕೊಂಡರು. ಅವರ ಗುರಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್ ಕ್ಯಾಂಪಸ್ಸಿನ, ಅಂದರೆ ಯುಸಿಎಲ್‌ಎಯ, ಸಂಶೋಧಕಿ ಲಿನ್ ಫೇರ್‌ಬ್ಯಾಂಕ್ಸ್. ಆದರೆ ಬಾಂಬ್ ಸಿಕ್ಕಿದ್ದು ಬೇರೆಯವರ ಬಾಗಿಲಲ್ಲಿ. ಆ ಮನೆಯಲ್ಲಿದ್ದದ್ದು ಪ್ರಯೋಗಾಲಯದ ಗಂಧಗಾಳಿಯೂ ಇಲ್ಲದ, ವಯಸ್ಸಾದ ಒಂದು ಜೀವ.

ಫೇರ್‌ಬ್ಯಾಂಕ್ಸ್ ಅವರ ಸಂಶೋಧನೆಯ ಬಹುಪಾಲು ವರ್ವೆಟ್ ಮಂಗಗಳ ನಡವಳಿಕೆಯನ್ನು ಕುರಿತದ್ದು. ತಾಯಿ ಮಂಗ ಮರಿಯನ್ನು ಹೇಗೆ ಸಾಕುತ್ತದೆ, ಕೆಲವು ಮಂಗಗಳು ಹುಟ್ಟಾ ಮುಂಗೋಪಿಗಳಾಗಿ, ಕೆಲವು ಸೌಮ್ಯವಾಗಿ ಬೆಳೆಯುವುದೇಕೆ ಎಂಬಂಥ ಪ್ರಶ್ನೆಗಳು. ಬಾಂಬ್ ಇಟ್ಟವರಿಗೆ ಆ ವ್ಯತ್ಯಾಸ ಬೇಕಿರಲಿಲ್ಲ.

ಅದೇ ವಿಶ್ವವಿದ್ಯಾಲಯದ ಡೇರಿಯೊ ರಿಂಗಾಕ್ ಕಣ್ಣಿಗೆ ಕಂಡದ್ದನ್ನು ಮಿದುಳು ಹೇಗೆ ಅರ್ಥಮಾಡಿಕೊಳ್ಳುತ್ತದೆ ಎಂದು ಮಕಾಕ್ ಕೋತಿಗಳಲ್ಲಿ ಅಧ್ಯಯನ ಮಾಡುತ್ತಿದ್ದರು. ರಾತ್ರಿ ಹೊತ್ತು ಮುಸುಕು ಹಾಕಿಕೊಂಡ ಗುಂಪುಗಳು ಅವರ ಮನೆಗೆ ಬಂದು ಕಿಟಕಿ ಬಡಿಯುತ್ತಿದ್ದವು. ಒಳಗೆ ಚಿಕ್ಕ ಮಕ್ಕಳು. ಆ ವರ್ಷದ ಆಗಸ್ಟ್‌ನಲ್ಲಿ ರಿಂಗಾಕ್ ಹೋರಾಟಗಾರರಿಗೆ ಒಂದು ಪುಟ್ಟ ಇಮೇಲ್ ಕಳಿಸಿದರು. ನೀವು ಗೆದ್ದಿರಿ, ಪ್ರಾಣಿಗಳ ಮೇಲಿನ ಸಂಶೋಧನೆ ನಿಲ್ಲಿಸಿದ್ದೇನೆ, ದಯವಿಟ್ಟು ನನ್ನ ಕುಟುಂಬದ ತಂಟೆಗೆ ಬರಬೇಡಿ ಎಂಬುದು ಅದರ ಸಾರ. ವಾದದಲ್ಲಿ ಸೋತು ಬರೆದ ಪತ್ರವಲ್ಲ ಅದು. ಹೆದರಿದ ತಂದೆಯೊಬ್ಬ ಬರೆದದ್ದು.

ಮುಂದಿನ ಸರದಿ ಈಡಿತ್ ಲಂಡನ್ ಅವರದು. ನಿಕೋಟಿನ್ ಮತ್ತು ಮಾದಕ ವಸ್ತುಗಳ ಚಟ ಮಿದುಳಿನಲ್ಲಿ ಏನು ಮಾಡುತ್ತದೆ ಎಂಬುದು ಅವರ ಸಂಶೋಧನೆಯ ವಿಷಯ. ತಂಬಾಕಿನ ಚಟವೇ ಅವರ ತಂದೆಯ ಸಾವಿಗೆ ಕಾರಣವಾಗಿತ್ತು. 2007ರ ಅಕ್ಟೋಬರ್‌ನಲ್ಲಿ ಕಿಡಿಗೇಡಿಗಳು ಅವರ ಮನೆಯ ಕಿಟಕಿ ಒಡೆದು, ತೋಟಕ್ಕೆ ನೀರು ಹಾಯಿಸುವ ಪೈಪನ್ನು ಒಳಗೆ ತೂರಿಸಿ ನಲ್ಲಿ ಬಿಟ್ಟು ಹೋದರು. ಮನೆಯೆಲ್ಲ ನೀರು ತುಂಬಿತು, 20 ಸಾವಿರ ಡಾಲರಿಗೂ ಹೆಚ್ಚು ನಷ್ಟವಾಯಿತು. ಆಮೇಲೆ ಬಂದ ಸಂದೇಶದಲ್ಲಿ, ತಮ್ಮ ಮೊದಲ ಆಯ್ಕೆ ಬೆಂಕಿಯೇ ಆಗಿತ್ತು, ನೀರು ಎರಡನೆಯದು ಎಂದಿತ್ತು. ಲಂಡನ್ ಸುಮ್ಮನಿರಲಿಲ್ಲ. ತಾನು ಪ್ರಾಣಿಗಳನ್ನು ಏಕೆ ಬಳಸುತ್ತೇನೆ ಎಂದು ‘ಲಾಸ್ ಏಂಜಲೀಸ್ ಟೈಮ್ಸ್’ ಪತ್ರಿಕೆಯಲ್ಲಿ ಹೆಸರು ಹಾಕಿಯೇ ಲೇಖನ ಬರೆದರು. 2008ರ ಫೆಬ್ರವರಿಯಲ್ಲಿ ಅವರ ಮನೆಯ ಮುಂಬಾಗಿಲಿಗೆ ಬೆಂಕಿ ಹಚ್ಚುವ ಸಾಧನ ಇಟ್ಟರು. ಬಾಗಿಲು ಸುಟ್ಟು ಕರಕಲಾಯಿತು.

ಅದೇ ವರ್ಷದ ಆಗಸ್ಟ್‌ನಲ್ಲಿ ಸಾಂತಾ ಕ್ರೂಜ್‌ನಲ್ಲಿ ಇಲಿಗಳ ಮೇಲೆ ಸಂಶೋಧನೆ ಮಾಡುತ್ತಿದ್ದ ವಿಜ್ಞಾನಿಯೊಬ್ಬರ ಮನೆಗೆ ನಸುಕಿನಲ್ಲಿ ಬೆಂಕಿ ಬಿತ್ತು. ಗಂಡ, ಹೆಂಡತಿ, ಮಕ್ಕಳು ಹೊಗೆ ತುಂಬಿದ ಮನೆಯ ಮೇಲಂತಸ್ತಿನ ಕಿಟಕಿಯಿಂದ ಏಣಿ ಇಳಿಬಿಟ್ಟು ಪಾರಾದರು.

ಅನಿಮಲ್ ಲಿಬರೇಷನ್ ಫ್ರಂಟ್ ಎಂಬ ಈ ಸಂಘಟನೆಗೆ ಕಚೇರಿಯಿಲ್ಲ, ಸದಸ್ಯತ್ವವಿಲ್ಲ, ಅಧ್ಯಕ್ಷರಿಲ್ಲ. 1976ರಲ್ಲಿ ಬ್ರಿಟನ್‌ನಲ್ಲಿ ಹುಟ್ಟಿದ ಈ ಹೆಸರನ್ನು ಯಾರು ಬೇಕಾದರೂ ಬಳಸಬಹುದು. ಒಂದು ಕೃತ್ಯ ಮಾಡಿ, ಅದಕ್ಕೆ ಈ ಹೆಸರು ಹಚ್ಚಿ ಸಂದೇಶ ಕಳಿಸಿದರೆ ಮುಗಿಯಿತು. ಪ್ರಾಣಿಯಾಗಲಿ ಮನುಷ್ಯನಾಗಲಿ ಯಾವ ಜೀವಕ್ಕೂ ಹಾನಿಯಾಗದಂತೆ ಎಚ್ಚರ ವಹಿಸಬೇಕು ಎಂಬುದು ಅದರ ಲಿಖಿತ ನಿಯಮಗಳಲ್ಲಿ ಒಂದು. ಪೆಟ್ರೋಲ್ ತುಂಬಿದ ಬಾಟಲಿಗೆ ಆ ನಿಯಮ ಗೊತ್ತಿರುವುದಿಲ್ಲ. 1990ರ ಜೂನ್‌ನಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ವಿಶ್ವವಿದ್ಯಾಲಯದ ವಿಜ್ಞಾನಿಯೊಬ್ಬರ ಕಾರಿನಡಿ ಇಟ್ಟಿದ್ದ ಬಾಂಬ್ ಸಿಡಿದಾಗ ಗಾಯಗೊಂಡದ್ದು, ಆ ದಾರಿಯಲ್ಲಿ ತಳ್ಳುಗಾಡಿಯಲ್ಲಿ ಹೋಗುತ್ತಿದ್ದ 13 ತಿಂಗಳ ಮಗು. ಇಷ್ಟಾದರೂ ಕೊಲೆಯನ್ನೇ ಸಮರ್ಥಿಸಿದವರಿದ್ದರು. ಅಮೆರಿಕದ ಶಸ್ತ್ರವೈದ್ಯ ಜೆರ್ರಿ ವ್ಲಾಸಕ್ ಈ ಚಳವಳಿಯ ವಕ್ತಾರರಾಗಿದ್ದವರು. ಕೆಲವು ಸಂಶೋಧಕರ ಹತ್ಯೆಯಿಂದ ಲಕ್ಷಾಂತರ ಪ್ರಾಣಿಗಳು ಉಳಿಯುವುದಾದರೆ ಅದು ನೈತಿಕವಾಗಿ ಸರಿ ಎಂಬ ತಮ್ಮ ನಿಲುವನ್ನು ಅವರು 2005ರಲ್ಲಿ ಅಮೆರಿಕದ ಸೆನೆಟ್ ಸಮಿತಿಯ ಮುಂದೆಯೂ ಬಿಟ್ಟುಕೊಡಲಿಲ್ಲ.

ಬ್ರಿಟನ್‌ನಲ್ಲಿ ಈ ಸಂಘರ್ಷ ಇನ್ನೂ ಲೆಕ್ಕಾಚಾರದಿಂದ ನಡೆಯಿತು. ಹಂಟಿಂಗ್‌ಡನ್ ಲೈಫ್ ಸೈನ್ಸಸ್ ಎಂಬ ಕಂಪನಿ ಔಷಧ ಮತ್ತು ರಾಸಾಯನಿಕಗಳನ್ನು ಪ್ರಾಣಿಗಳ ಮೇಲೆ ಪರೀಕ್ಷಿಸಿಕೊಡುತ್ತಿತ್ತು. ಅದನ್ನು ಮುಚ್ಚಿಸಲೆಂದೇ 1999ರಲ್ಲಿ ‘ಶ್ಯಾಕ್’ ಎಂಬ ಅಭಿಯಾನ ಹುಟ್ಟಿತು. ಅದು ಕಂಪನಿಯನ್ನು ನೇರವಾಗಿ ಎದುರಿಸುವುದಕ್ಕಿಂತ ಹೆಚ್ಚಾಗಿ ಅದರ ಸುತ್ತಲಿನವರನ್ನು ಕಾಡಿತು. ಸಾಲ ಕೊಟ್ಟ ಬ್ಯಾಂಕು, ವಿಮೆ ಒದಗಿಸಿದವರು, ಷೇರು ದಲ್ಲಾಳಿಗಳು, ಸಾಮಾನು ಪೂರೈಸುವವರು, ಹೀಗೆ ಒಬ್ಬೊಬ್ಬರನ್ನೇ ಹೆದರಿಸಿ ದೂರ ಸರಿಸಿತು. 2001ರ ಫೆಬ್ರವರಿಯಲ್ಲಿ ಕಂಪನಿಯ ಮುಖ್ಯಸ್ಥ ಬ್ರಯನ್ ಕಾಸ್ ಮೇಲೆ ಅವರ ಮನೆಯೆದುರೇ ಮುಸುಕುಧಾರಿಗಳು ಗುದ್ದಲಿಯ ಕಾವಿನಂಥ ದೊಣ್ಣೆಗಳಿಂದ ಹಲ್ಲೆ ಮಾಡಿದರು. ಯಾವ ವಾಣಿಜ್ಯ ಬ್ಯಾಂಕೂ ಖಾತೆ ಕೊಡಲು ಮುಂದೆ ಬಾರದೆ ಕೊನೆಗೆ ಬ್ಯಾಂಕ್ ಆಫ್ ಇಂಗ್ಲೆಂಡೇ ಕಂಪನಿಗೆ ಖಾತೆ ತೆರೆಯಬೇಕಾಯಿತು. 2005ರ ಸೆಪ್ಟೆಂಬರ್‌ನಲ್ಲಿ ಕಂಪನಿ ನ್ಯೂಯಾರ್ಕ್ ಷೇರುಪೇಟೆಗೆ ಸೇರಬೇಕಿತ್ತು. ಇನ್ನೇನು ವಹಿವಾಟು ಶುರುವಾಗಬೇಕು ಎನ್ನುವಾಗ ಅದನ್ನು ಮುಂದೂಡಲಾಯಿತು. ಬೆದರಿಕೆ ಸಂಚಿನ ಆರೋಪ ಸಾಬೀತಾಗಿ 2009ರಲ್ಲಿ ಶ್ಯಾಕ್ ಮುಂದಾಳುಗಳಿಗೆ ಜೈಲಾಯಿತು. ಗರಿಷ್ಠ ಶಿಕ್ಷೆ 11 ವರ್ಷ.

ಇಂಗ್ಲೆಂಡಿನ ಸ್ಟಾಫರ್ಡ್‌ಶೈರ್‌ನ ಪ್ರಕರಣವನ್ನಂತೂ ಓದಿದವರು ಮರೆಯಲಾರರು. ಅಲ್ಲಿ ಒಂದು ಕುಟುಂಬ ಪ್ರಯೋಗಾಲಯಗಳಿಗಾಗಿ ಗಿನಿಯಿಲಿ ಸಾಕುತ್ತಿತ್ತು. ವರ್ಷಗಟ್ಟಲೆ ಕಿರುಕುಳ ಕೊಟ್ಟರೂ ಜಗ್ಗದಿದ್ದಾಗ, 2004ರ ಅಕ್ಟೋಬರ್‌ನಲ್ಲಿ ಆ ಮನೆಯ ಯಜಮಾನನ ಅತ್ತೆಯ ಗೋರಿಯನ್ನೇ ಅಗೆದು ಅವಶೇಷಗಳನ್ನು ಕದ್ದೊಯ್ದರು. ಮರುವರ್ಷ ಕುಟುಂಬ ಆ ಕಸುಬು ಬಿಡುವುದಾಗಿ ಪ್ರಕಟಿಸಿತು. ಅವಶೇಷಗಳು ಸಿಕ್ಕಿದ್ದು 2006ರಲ್ಲಿ, ಕಾಡಿನಲ್ಲಿ ಹೂತಿಟ್ಟ ಸ್ಥಿತಿಯಲ್ಲಿ.

ಇಷ್ಟು ಓದಿದವರಿಗೆ, ಇದೆಲ್ಲ ಕೆಲವು ಹುಚ್ಚರ ಕೆಲಸ, ವಿಜ್ಞಾನಿಗಳದ್ದೇನೂ ತಪ್ಪಿಲ್ಲ ಎನ್ನಿಸಬಹುದು. ಅಷ್ಟಕ್ಕೇ ನಿಲ್ಲುವುದು ನ್ಯಾಯವಲ್ಲ. ಚಳವಳಿಯ ಸಿಟ್ಟು ಶೂನ್ಯದಿಂದ ಹುಟ್ಟಿದ್ದಲ್ಲ.

1984ರ ಮೇ ತಿಂಗಳಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಪ್ರಯೋಗಾಲಯವೊಂದಕ್ಕೆ ಇದೇ ಲಿಬರೇಷನ್ ಫ್ರಂಟಿನವರು ನುಗ್ಗಿ ವಿಡಿಯೊ ಟೇಪುಗಳನ್ನು ಕದ್ದರು. ಅಲ್ಲಿ ತಲೆಗೆ ಪೆಟ್ಟಾದಾಗ ಮಿದುಳಿಗೆ ಏನಾಗುತ್ತದೆ ಎಂದು ತಿಳಿಯಲು ಬಬೂನ್‌ಗಳ ತಲೆಯನ್ನು ಯಂತ್ರಕ್ಕೆ ಬಿಗಿದು ಜೋರಾಗಿ ಝಾಡಿಸಲಾಗುತ್ತಿತ್ತು. ಟೇಪುಗಳನ್ನು ಸಂಶೋಧಕರೇ ಚಿತ್ರೀಕರಿಸಿಕೊಂಡಿದ್ದರು. ಸರಿಯಾಗಿ ಅರಿವಳಿಕೆ ಇಲ್ಲದೆ ಹೊರಳಾಡುವ ಪ್ರಾಣಿಗಳೂ ಅವುಗಳ ಮುಂದೆ ನಗುತ್ತಾ ತಮಾಷೆ ಮಾಡುವ ಸಿಬ್ಬಂದಿಯೂ ಅದರಲ್ಲಿದ್ದರು. ‘ಪೇಟಾ’ ಸಂಸ್ಥೆ ಅದನ್ನು ಅರ್ಧ ಗಂಟೆಯೊಳಗಿನ ಚಿತ್ರವಾಗಿ ಜೋಡಿಸಿ ಜನರಿಗೆ ತೋರಿಸಿತು. 1985ರಲ್ಲಿ ಸರ್ಕಾರ ಅನುದಾನ ನಿಲ್ಲಿಸಿತು, ಪ್ರಯೋಗಾಲಯ ಮುಚ್ಚಿತು. ಅದೇ ವರ್ಷದ ಕೊನೆಗೆ ಅಮೆರಿಕದ ಸಂಸತ್ತು ಪ್ರಾಣಿ ಕಲ್ಯಾಣ ಕಾನೂನನ್ನು ಬಿಗಿ ಮಾಡಿ, ಪ್ರತಿ ಸಂಶೋಧನಾ ಸಂಸ್ಥೆಯಲ್ಲೂ ಪರಿಶೀಲನಾ ಸಮಿತಿ ಕಡ್ಡಾಯ ಮಾಡಿತು. ಹಂಟಿಂಗ್‌ಡನ್ ಕಂಪನಿಯ ವಿರುದ್ಧದ ಸಿಟ್ಟಿಗೂ ಹೀಗೆಯೇ ಒಂದು ಕಾರಣವಿತ್ತು. 1997ರಲ್ಲಿ ಬ್ರಿಟನ್ನಿನ ಚಾನೆಲ್ 4 ವಾಹಿನಿ ಗುಪ್ತವಾಗಿ ಚಿತ್ರೀಕರಿಸಿದ ಸಾಕ್ಷ್ಯಚಿತ್ರದಲ್ಲಿ ಅಲ್ಲಿನ ನೌಕರನೊಬ್ಬ ಬೀಗಲ್ ನಾಯಿಗೆ ಗುದ್ದುತ್ತಿದ್ದದ್ದನ್ನು ಇಡೀ ದೇಶ ನೋಡಿತ್ತು.

ಪೆನ್ಸಿಲ್ವೇನಿಯಾದಲ್ಲಿ ಕಳ್ಳತನವೇ ಸತ್ಯವನ್ನು ಹೊರಗೆಳೆಯಿತು, ಇದನ್ನು ಒಪ್ಪಲೇಬೇಕು. ಆದರೆ ಕಾನೂನನ್ನು ಬದಲಿಸಿದ್ದು ಜನ ಕಣ್ಣಾರೆ ಕಂಡ ಸಾಕ್ಷ್ಯ. ಬೆಲ್ ಏರ್‌ನ ಬಾಂಬಿನಿಂದ ಯಾವ ಸಾಕ್ಷ್ಯ ಹೊರಬಂತು? ಯಾವ ಪಂಜರ ದೊಡ್ಡದಾಯಿತು? ಅದರಿಂದಾದದ್ದು ಒಂದೇ: ವಿಜ್ಞಾನಿಗಳು ಬಾಯಿ ಮುಚ್ಚಿಕೊಂಡರು, ಸಂಸ್ಥೆಗಳು ಗೋಡೆ ಎತ್ತರಿಸಿಕೊಂಡವು. ಒಳಗೆ ಏನು ನಡೆಯುತ್ತಿದೆ ಎಂದು ಹೊರಗಿನವರಿಗೆ ಮೊದಲಿಗಿಂತ ಕಡಿಮೆ ಗೊತ್ತಾಗತೊಡಗಿತು. ಪ್ರಾಣಿಗಳ ಹೆಸರಿನಲ್ಲಿ ಮಾಡಿದ ಹಿಂಸೆ ಪ್ರಾಣಿಗಳನ್ನೇ ಕತ್ತಲಿಗೆ ತಳ್ಳಿತು.

ಪ್ರಾಣಿ ಪ್ರಯೋಗದ ಪರವಾಗಿ ವಿಜ್ಞಾನಿಗಳು ಮತ್ತೆ ಮತ್ತೆ ಮುಂದಿಡುವ ಉದಾಹರಣೆ ಪಾರ್ಕಿನ್‌ಸನ್ ಕಾಯಿಲೆಯದು. 1982ರಲ್ಲಿ ಕ್ಯಾಲಿಫೋರ್ನಿಯಾದ ಆಸ್ಪತ್ರೆಗಳಿಗೆ ಕೆಲವು ಎಳೆಯ ವಯಸ್ಸಿನ ಮಾದಕ ವ್ಯಸನಿಗಳು ಬಂದರು. ಮೈ ಮರದಂತೆ ಸೆಟೆದಿತ್ತು, ಮಾತು ನಿಂತಿತ್ತು, ಮುಖದಲ್ಲಿ ಚಲನೆಯೇ ಇರಲಿಲ್ಲ. ಮುದಿ ವಯಸ್ಸಿನ ಪಾರ್ಕಿನ್‌ಸನ್ ರೋಗ ರಾತ್ರಿ ಬೆಳಗಾಗುವುದರಲ್ಲಿ ಬಂದಂತಿತ್ತು. ವಿಲಿಯಂ ಲ್ಯಾಂಗ್‌ಸ್ಟನ್ ಎಂಬ ನರವೈದ್ಯರು ಮತ್ತು ಸಂಗಡಿಗರು ಬೆನ್ನು ಹತ್ತಿದಾಗ, ಅವರು ಚುಚ್ಚಿಕೊಂಡ ನಕಲಿ ಹೆರಾಯಿನ್‌ನಲ್ಲಿ ಎಂಪಿಟಿಪಿ ಎಂಬ ರಾಸಾಯನಿಕ ಬೆರೆತಿದ್ದುದು ಗೊತ್ತಾಯಿತು. ಅದನ್ನು ಮಂಗಗಳಿಗೆ ಕೊಟ್ಟಾಗ ಅವುಗಳಿಗೂ ಅದೇ ಸೆಡೆತ, ಅದೇ ನಡುಕ. ಮಿದುಳಿನ ಆಳದಲ್ಲಿ ಪುಟ್ಟ ಕಾಳಿನಷ್ಟಿರುವ ‘ಸಬ್‌ಥಲಾಮಿಕ್ ನ್ಯೂಕ್ಲಿಯಸ್’ ಎಂಬ ಭಾಗ ಇಂಥ ಮಂಗಗಳಲ್ಲಿ ಅತಿಯಾಗಿ ಕೆಲಸ ಮಾಡುತ್ತದೆ ಎಂಬುದು ಪತ್ತೆಯಾಯಿತು. 1990ರಲ್ಲಿ ಅಮೆರಿಕದ ಮೇಹ್ಲಾನ್ ಡಿಲಾಂಗ್ ತಂಡ ಆ ಭಾಗವನ್ನು ನಿಷ್ಕ್ರಿಯಗೊಳಿಸಿದಾಗ ಸೆಟೆದು ಕೂತಿದ್ದ ಮಂಗಗಳು ಮತ್ತೆ ಓಡಾಡಿದವು. ಬ್ರಿಟನ್‌ನಲ್ಲಿ ಟಿಪು ಅಜೀಜ್ ಮತ್ತು ಸಹೋದ್ಯೋಗಿಗಳು ಮರುವರ್ಷವೇ ಇದನ್ನು ದೃಢಪಡಿಸಿದರು. ಮೊದಲೇ ಮಿದುಳಿಗೆ ವಿದ್ಯುತ್ ತಂತಿ ಇಳಿಸುವ ಚಿಕಿತ್ಸೆ ಆರಂಭಿಸಿದ್ದ ಫ್ರಾನ್ಸಿನ ಅಲಿಮ್ ಲೂಯಿ ಬೆನಾಬಿದ್, ಆಮೇಲೆ ಇದೇ ಭಾಗಕ್ಕೆ ತಂತಿ ಇಳಿಸಿ ರೋಗಿಗಳ ಕಾಯಿಲೆಯನ್ನು ಹತೋಟಿಗೆ ತಂದರು. ಡಿಲಾಂಗ್ ಮತ್ತು ಬೆನಾಬಿದ್ ಇಬ್ಬರಿಗೂ 2014ರಲ್ಲಿ ಲಾಸ್ಕರ್ ಪ್ರಶಸ್ತಿ ಬಂತು. ಇಂದು ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಈ ‘ಡೀಪ್ ಬ್ರೈನ್ ಸ್ಟಿಮ್ಯುಲೇಷನ್’ ನಡೆಯುತ್ತದೆ. ಲೋಟ ಹಿಡಿದು ನೀರು ಕುಡಿಯಲಾಗದವರು ಅದರಿಂದ ಮತ್ತೆ ತಮ್ಮ ಕೈಯಾರೆ ಊಟ ಮಾಡುತ್ತಿದ್ದಾರೆ. ಆ ಕೈ ನೆಟ್ಟಗಾಗುವ ದಾರಿಯಲ್ಲಿ ಎಷ್ಟೋ ಮಂಗಗಳಿಗೆ ಕಾಯಿಲೆ ಬರಿಸಲಾಯಿತು, ಎಷ್ಟೋ ಸತ್ತವು. ಎರಡೂ ನಿಜ.

ಇದಕ್ಕೆ ಎದುರಾಗಿ ನಿಲ್ಲುವ ಇನ್ನೊಂದು ಘಟನೆ 2006ರ ಮಾರ್ಚ್‌ನದು. ಲಂಡನ್ನಿನ ನಾರ್ತ್‌ವಿಕ್ ಪಾರ್ಕ್ ಆಸ್ಪತ್ರೆಯ ಆವರಣದಲ್ಲಿ ಟಿಜಿಎನ್1412 ಎಂಬ ಹೊಸ ಔಷಧವನ್ನು ಆರು ಮಂದಿ ಆರೋಗ್ಯವಂತ ಸ್ವಯಂಸೇವಕರಿಗೆ ಕೊಟ್ಟರು. ಮಂಗಗಳು ಇದರ 500 ಪಟ್ಟು ಹೆಚ್ಚಿನ ಪ್ರಮಾಣವನ್ನೂ ತೊಂದರೆಯಿಲ್ಲದೆ ತಾಳಿಕೊಂಡಿದ್ದವು. ಆದರೆ ಕೆಲವೇ ಗಂಟೆಗಳಲ್ಲಿ ಆರೂ ಜನರ ಅಂಗಾಂಗಗಳು ಕೈಕೊಡತೊಡಗಿ ತೀವ್ರ ನಿಗಾ ಘಟಕಕ್ಕೆ ಸೇರಿಸಬೇಕಾಯಿತು. ಜೀವ ಉಳಿಯಿತು, ಆದರೆ ಒಬ್ಬರು ಬೆರಳುಗಳನ್ನು ಕಳೆದುಕೊಂಡರು. ಪ್ರಾಣಿಯ ಮೈ ಮನುಷ್ಯನ ಮೈಯಲ್ಲ ಎಂಬ ಹೋರಾಟಗಾರರ ಮಾತನ್ನು ಇಂಥ ಪ್ರಕರಣಗಳ ನಂತರ ಯಾರೂ ತಳ್ಳಿಹಾಕಲಾಗದು. ಯಾವ ಪ್ರಯೋಗಕ್ಕೆ ಪ್ರಾಣಿ ನಿಜವಾಗಿ ಬೇಕು, ಯಾವುದಕ್ಕೆ ಬೇಡ ಎಂಬುದು ಕೂತು, ಅಂಕಿ ಅಂಶ ಇಟ್ಟುಕೊಂಡು ತೀರ್ಮಾನಿಸಬೇಕಾದ ಪ್ರಶ್ನೆ.

ಹಾಗೆ ಕೂತು ಮಾತಾಡುವ ವಾತಾವರಣ ಮರಳುವುದಕ್ಕೆ ಕಾರಣರಾದವರಲ್ಲಿ ಒಬ್ಬ 16 ವರ್ಷದ ಹುಡುಗ. ಆಗ ಆಕ್ಸ್‌ಫರ್ಡ್‌ನ ಸೌತ್ ಪಾರ್ಕ್ಸ್ ರಸ್ತೆಯಲ್ಲಿ ಹೊಸ ಪ್ರಾಣಿ ಪ್ರಯೋಗಾಲಯದ ಕಟ್ಟಡ ಏಳುತ್ತಿತ್ತು. ಬೆದರಿಕೆ ತಾಳಲಾರದೆ ಮೊದಲ ಗುತ್ತಿಗೆದಾರ ಕಂಪನಿ 2004ರಲ್ಲಿ ಹಿಂದೆ ಸರಿದು, ಕೆಲಸ ವರ್ಷಕ್ಕೂ ಹೆಚ್ಚು ನಿಂತುಹೋಗಿತ್ತು. ಮತ್ತೆ ಶುರುವಾದಾಗ ಗಾರೆ ಕೆಲಸದವರು ಗುರುತು ಸಿಗದಂತೆ ಮುಖ ಮುಚ್ಚಿಕೊಂಡು ದುಡಿಯುತ್ತಿದ್ದರು. 2006ರ ಜನವರಿಯಲ್ಲಿ ಗೆಳೆಯರೊಂದಿಗೆ ಊರಿಗೆ ಬಂದಿದ್ದ ಲಾರಿ ಪೈಕ್ರಾಫ್ಟ್ ಎಂಬ ಈ ಹುಡುಗ ಅಲ್ಲಿನ ಪ್ರತಿಭಟನೆ ನೋಡಿದ. ಪ್ರಗತಿಯನ್ನು ಬೆಂಬಲಿಸಿ, ಪ್ರಯೋಗಾಲಯ ಕಟ್ಟಿ ಎಂಬರ್ಥದ ಫಲಕವನ್ನು ಅಲ್ಲೇ ಕೈಯಲ್ಲಿ ಗೀಚಿ ಎತ್ತಿ ಹಿಡಿದ. ಬೈಗುಳ ತಿಂದ. ಮನೆಗೆ ಹೋಗಿ ‘ಪ್ರೊ-ಟೆಸ್ಟ್’ ಎಂಬ ಸಂಘಟನೆ ಶುರುಮಾಡಿದ. ಒಂದೇ ತಿಂಗಳಲ್ಲಿ, ಫೆಬ್ರವರಿ 25ರಂದು, ಸಾವಿರದಷ್ಟು ಜನ ಆಕ್ಸ್‌ಫರ್ಡ್ ಬೀದಿಗಳಲ್ಲಿ ಪ್ರಯೋಗಾಲಯದ ಪರವಾಗಿ ಮೆರವಣಿಗೆ ನಡೆಸಿದರು. ಅಲ್ಲಿ ಮಾತಾಡಿದವರಲ್ಲಿ ಟಿಪು ಅಜೀಜ್ ಒಬ್ಬರು. ಈಗಿನ ಬಾಂಗ್ಲಾದೇಶದಲ್ಲಿ ಹುಟ್ಟಿದ ಈ ನರಶಸ್ತ್ರಚಿಕಿತ್ಸಕರು ಬೆದರಿಕೆಗಳ ನಡುವೆಯೂ ತಾನು ಮಂಗಗಳ ಮೇಲೆ ಪ್ರಯೋಗ ಮಾಡಿದ್ದೇನೆ, ಕಾರಣ ಇದು ಎಂದು ಬಹಿರಂಗವಾಗಿ ಹೇಳುತ್ತಿದ್ದ ಕೆಲವೇ ಕೆಲವರಲ್ಲಿ ಸೇರಿದವರು. ಪ್ರಯೋಗಾಲಯ 2008ರ ನವೆಂಬರ್‌ನಲ್ಲಿ ಬಾಗಿಲು ತೆರೆಯಿತು.

ಅಜೀಜ್ ಅವರಿಗೂ ಮೊದಲು ಆ ಧೈರ್ಯ ತೋರಿದವರು ಆಕ್ಸ್‌ಫರ್ಡ್‌ನವರೇ ಆದ ಕಾಲಿನ್ ಬ್ಲೇಕ್‌ಮೋರ್. ಬೆಕ್ಕಿನ ಮರಿಗಳ ದೃಷ್ಟಿಯ ಮೇಲೆ ಅವರು ಮಾಡಿದ ಅಧ್ಯಯನ, ಮಕ್ಕಳಲ್ಲಿ ಒಂದು ಕಣ್ಣು ಮಂದವಾಗುವ ತೊಂದರೆಯನ್ನು ಅರ್ಥಮಾಡಿಕೊಳ್ಳಲು ನೆರವಾಯಿತು. 1980ರ ದಶಕದ ಕೊನೆಯಿಂದ ವರ್ಷಗಟ್ಟಲೆ ಅವರಿಗೆ ಬ್ಲೇಡು ಇಟ್ಟ ಪತ್ರಗಳು, ಬಾಂಬ್ ಪಾರ್ಸೆಲ್‌ಗಳು, ಕೊಲೆ ಬೆದರಿಕೆಗಳು ಬಂದವು. ಅವರು ತಮ್ಮ ವಿರೋಧಿಗಳೊಡನೆ ಸಾರ್ವಜನಿಕ ವೇದಿಕೆಗಳಲ್ಲಿ ಚರ್ಚೆಗೆ ಕೂತರೇ ಹೊರತು ಅಡಗಲಿಲ್ಲ.

ಆಕ್ಸ್‌ಫರ್ಡ್‌ನ ಕಿಡಿ ಲಾಸ್ ಏಂಜಲೀಸಿಗೂ ಹಾರಿತು. 2009ರ ಮಾರ್ಚ್ 7ರ ನಸುಕಿನಲ್ಲಿ ಯುಸಿಎಲ್‌ಎಯ ನರವಿಜ್ಞಾನಿ ಡೇವಿಡ್ ಜೆಂಟ್ಷ್ ಅವರ ಕಾರು ಮನೆಯ ಮುಂದೆಯೇ ಹೊತ್ತಿ ಉರಿಯಿತು. ಸ್ಕಿಜೋಫ್ರೇನಿಯಾ ಮತ್ತು ಮಾದಕ ವ್ಯಸನ ಅವರ ಅಧ್ಯಯನದ ವಿಷಯಗಳು. ಅವರು ಕೆಲಸ ಬಿಡಲಿಲ್ಲ. ಆರೇಳು ವಾರದೊಳಗೆ ಕ್ಯಾಂಪಸ್ಸಿನಲ್ಲಿ ಸಂಶೋಧನೆಯ ಪರವಾಗಿ ಮೆರವಣಿಗೆ ಏರ್ಪಡಿಸಿದರು, ನೂರಾರು ಜನ ಬಂದರು. ಇನ್ನೂ ಮುಖ್ಯವಾದದ್ದು ನಡೆದದ್ದು 2010ರ ಫೆಬ್ರವರಿಯಲ್ಲಿ. ಪ್ರಾಣಿಗಳ ಪರವಿದ್ದ ವಿದ್ಯಾರ್ಥಿ ಸಂಘಟನೆಯೂ ಜೆಂಟ್ಷ್ ಅವರ ಗುಂಪೂ ಸೇರಿ ಒಂದೇ ವೇದಿಕೆಯಲ್ಲಿ ಪರ ವಿರೋಧ ಚರ್ಚೆ ನಡೆಸಿದವು. ನಾಲ್ಕು ವರ್ಷ ಹಿಂದೆ ಸೋತೆನೆಂದು ಇಮೇಲ್ ಬರೆದಿದ್ದ ರಿಂಗಾಕ್ ಅಂದು ಆ ವೇದಿಕೆಯಲ್ಲಿ ಕೂತು ತಮ್ಮ ವಾದ ಮಂಡಿಸಿದರು. ಅವರ ಮಕ್ಕಳು ಓದುವ ಶಾಲೆಯ ಮುಂದೆ ಪ್ರತಿಭಟಿಸುತ್ತೇವೆ ಎಂದು ತೀವ್ರವಾದಿಗಳು ಆಮೇಲೆ ಸಾರಿದರು. ಆ ಸಂಜೆ ಸಭಾಂಗಣದಲ್ಲಿ ಪ್ರಾಣಿಗಳ ಪರವಾಗಿ ಸಭ್ಯವಾಗಿ ವಾದಿಸಿದ ವಿದ್ಯಾರ್ಥಿಗಳಿಗೆ ಇದರಿಂದಾದ ಅನ್ಯಾಯ ಸಣ್ಣದಲ್ಲ.

2014ರಲ್ಲಿ ಬ್ರಿಟನ್ನಿನ 70ಕ್ಕೂ ಹೆಚ್ಚು ವಿಶ್ವವಿದ್ಯಾಲಯಗಳು, ಕಂಪನಿಗಳು, ದತ್ತಿ ಸಂಸ್ಥೆಗಳು ಪ್ರಾಣಿ ಸಂಶೋಧನೆಯನ್ನು ಇನ್ನು ಮುಚ್ಚಿಡುವುದಿಲ್ಲ ಎಂಬ ಒಡಂಬಡಿಕೆಗೆ ಸಹಿ ಹಾಕಿದವು. ಎಷ್ಟು ಪ್ರಾಣಿ, ಯಾವ ಪ್ರಯೋಗ, ಎಷ್ಟು ನೋವು ಎಂಬುದನ್ನು ಅಲ್ಲಿನ ಸರ್ಕಾರ ಪ್ರತಿ ವರ್ಷ ಪ್ರಕಟಿಸುತ್ತದೆ. 2023ರ ಲೆಕ್ಕ ಸುಮಾರು 26.8 ಲಕ್ಷ ಪ್ರಯೋಗಗಳು. ಬಹುಪಾಲು ಇಲಿಗಳ ಮೇಲೆ. ಪ್ರಾಣಿಗಳ ಪರವಾದ ದೊಡ್ಡ ಗೆಲುವುಗಳು ಬಂದದ್ದೂ ತೆರೆದ ಬಾಗಿಲಿನಿಂದಲೇ. ಅಮೆರಿಕದಲ್ಲಿ ಚಿಂಪಾಂಜಿಗಳ ಮೇಲಿನ ಬಹುತೇಕ ಪ್ರಯೋಗಗಳು ಅನಗತ್ಯ ಎಂದು 2011ರಲ್ಲಿ ತಜ್ಞರ ಸಮಿತಿ ವರದಿ ಕೊಟ್ಟಿತು. 2015ರ ಹೊತ್ತಿಗೆ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಅವುಗಳನ್ನು ಪೂರ್ತಿ ಕೈಬಿಟ್ಟಿತು. ಸೌಂದರ್ಯವರ್ಧಕಗಳನ್ನು ಪ್ರಾಣಿಗಳ ಮೇಲೆ ಪರೀಕ್ಷಿಸುವುದಕ್ಕೆ ಭಾರತ 2014ರಲ್ಲಿ ನಿಷೇಧ ಹೇರಿತು.

ಭಾರತಕ್ಕೆ ಈ ಕಥೆಯಲ್ಲಿ ಹಳೆಯ ಪಾಲೇ ಇದೆ. 1950ರ ದಶಕದಲ್ಲಿ ಪೋಲಿಯೊ ಲಸಿಕೆಗಾಗಿ ವರ್ಷಕ್ಕೆ ಲಕ್ಷಕ್ಕೂ ಹೆಚ್ಚು ಮಂಗಗಳು ಇಲ್ಲಿಂದ ವಿಮಾನ ಹತ್ತಿದವು. ಒಪ್ಪಂದ ಮೀರಿ ಅಮೆರಿಕ ಅವುಗಳನ್ನು ಸೇನೆಯ ವಿಕಿರಣ ಪರೀಕ್ಷೆಗೆ ಬಳಸಿದ್ದು ಬಯಲಾದಾಗ, ಮೊರಾರ್ಜಿ ದೇಸಾಯಿ ಸರ್ಕಾರ 1978ರಲ್ಲಿ ರಫ್ತು ನಿಲ್ಲಿಸಿತು. ಅದಕ್ಕೂ ಮೊದಲೇ ಭರತನಾಟ್ಯ ಕಲಾವಿದೆ ರುಕ್ಮಿಣಿ ದೇವಿ ಅರುಂಡೇಲ್ ರಾಜ್ಯಸಭೆಯಲ್ಲಿ ಹೂಡಿದ ಹೋರಾಟದ ಫಲವಾಗಿ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಬಂದಿತ್ತು. ಹೊಸ ಜ್ಞಾನಕ್ಕಾಗಿ, ಜೀವ ಉಳಿಸಲಿಕ್ಕಾಗಿ ಮಾಡುವ ಪ್ರಯೋಗವನ್ನು ಆ ಕಾಯ್ದೆ ನಿಷೇಧಿಸುವುದಿಲ್ಲ. ಆದರೆ ಅದರ ಮೇಲೆ ಕಣ್ಣಿಡಲು ಸಮಿತಿ ರಚಿಸಲು ಅವಕಾಶ ಕೊಡುತ್ತದೆ. ಕೋವಿಡ್ ಕಾಲದಲ್ಲಿ ಕೋವ್ಯಾಕ್ಸಿನ್ ಲಸಿಕೆಯನ್ನು 20 ಮಂಗಗಳ ಮೇಲೆ ಪರೀಕ್ಷಿಸಿದ ಮೇಲೆಯೇ ಅದು ನಮ್ಮ ತೋಳಿಗೆ ಬಂದದ್ದು.

1960ರ ಆ ಕಾಯ್ದೆಯಡಿಯ ನಿಯಮಗಳಂತೆ ಪ್ರಾಣಿ ಪ್ರಯೋಗ ನಡೆಸುವ ಪ್ರತಿ ಸಂಸ್ಥೆಯಲ್ಲೂ ನೈತಿಕ ಸಮಿತಿ ಇರಲೇಬೇಕು. ಅದರಲ್ಲಿ ಸರ್ಕಾರ ನೇಮಿಸಿದ ಹೊರಗಿನ ಸದಸ್ಯರು, ವಿಜ್ಞಾನಿಯಲ್ಲದ ಸಾಮಾಜಿಕ ಕಳಕಳಿಯ ಒಬ್ಬರು ಇರಬೇಕು. ಬೆಂಗಳೂರಿನಂಥ ಸಂಶೋಧನಾ ನಗರಿಯ ಪ್ರಯೋಗಾಲಯಗಳಲ್ಲಿ ಎಷ್ಟು ಪ್ರಾಣಿಗಳನ್ನು ಯಾವ ಉದ್ದೇಶಕ್ಕೆ ಬಳಸಲಾಯಿತು, ಎಷ್ಟು ಪ್ರಸ್ತಾವಗಳನ್ನು ಸಮಿತಿ ತಿರಸ್ಕರಿಸಿತು ಎಂಬುದು ವರ್ಷಕ್ಕೊಮ್ಮೆ ಜನರ ಕೈಗೆ, ಕನ್ನಡದಲ್ಲೇ, ಸಿಗುವಂತಾಗಬೇಕು. ಪ್ರಾಣಿಗಳ ಬಗ್ಗೆ ಮರುಗುವ ಓದುಗರು ಇದನ್ನು ಕೇಳಲಿ. ಕೇಳಿದಾಗ ವಿಜ್ಞಾನಿಗಳು ಉತ್ತರಿಸಲಿ.